ಬಿಟ್ಟ ಸ್ಥಳವನ್ನು ತುಂಬುವವರು ಯಾರು?

ಶಾಲೆಯ ಮೆಟ್ಟಿಲು ಹತ್ತಿದ ಪ್ರತಿಯೊಬ್ಬರೂ ಬಲ್ಲ ಪ್ರಶ್ನೆಯೊಂದಿದೆ: ‘ಬಿಟ್ಟ ಸ್ಥಳಗಳನ್ನು ಸೂಕ್ತ ಪದಗಳಿಂದ ತುಂಬಿರಿ.’ ಅಲ್ಲಿ ಸ್ಥಳವನ್ನು ತುಂಬುವವನು ವಿದ್ಯಾರ್ಥಿ. ತಪ್ಪಿದರೆ ಅಂಕವನ್ನು ಕಳೆದುಕೊಳ್ಳುವವನೂ ಅವನೇ. ತುಂಬದೆ ಬಿಟ್ಟರೆ ಅದು ಖಾಲಿಯಾಗಿಯೇ ಉಳಿಯುತ್ತದೆ. ಗಣಕಯಂತ್ರದ ಲೋಕದಲ್ಲಿ ಈ ನ್ಯಾಯ ಬೇರೆಯಾಗಿದೆ. ಅಲ್ಲಿ ಬಿಟ್ಟ ಸ್ಥಳ ಅನೇಕ ವೇಳೆ ಖಾಲಿಯಾಗಿ ಉಳಿಯುವುದಿಲ್ಲ. ಬಳಸುವವನು ಮೌನವಾಗಿದ್ದರೆ, ಅವನನ್ನು ಎಂದೂ ಕಂಡಿರದ ಮತ್ತೊಬ್ಬನು ಮುಂಚಿತವಾಗಿ ಬರೆದಿಟ್ಟ ಉತ್ತರವೊಂದು ಆ ಸ್ಥಳದಲ್ಲಿ ಬಂದು ಕುಳಿತುಕೊಳ್ಳುತ್ತದೆ. ಈ ಏರ್ಪಾಟು ಎಷ್ಟು ಉಪಕಾರಿಯೋ ಅಷ್ಟೇ ಎಚ್ಚರಿಕೆಯಿಂದ ಬಳಸಬೇಕಾದುದು. ಗಣಕವಿದ್ಯೆಯನ್ನು ಪ್ರೌಢಶಾಲೆಯಲ್ಲಿಯೇ ಕಲಿಯುತ್ತಿರುವ ಇಂದಿನ ಪೀಳಿಗೆ ಇದರ ಗುಣದೋಷಗಳನ್ನು ಅರಿಯುವುದು ಅಗತ್ಯ.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಗಣಕಕ್ಕೆ ಬರೆಯುವ ಕ್ರಮವಿಧಿಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಘಟಕವಿರುತ್ತದೆ. ಅದನ್ನು ಫಂಕ್ಷನ್ ಎನ್ನುತ್ತಾರೆ. ಆ ಕೆಲಸ ನಡೆಯಲು ಬೇಕಾದ ವಿವರಗಳಿಗೆ ಪ್ಯಾರಾಮೀಟರ್ ಎಂದು ಹೆಸರು. ಕೆಲವು ವಿವರಗಳನ್ನು ಕೊಡಲೇಬೇಕು. ಕೆಲವನ್ನು ಕೊಡಬಹುದು, ಬಿಡಲೂಬಹುದು. ಬಿಟ್ಟಾಗ ಬಳಕೆಯಾಗಲೆಂದು ಮೊದಲೇ ನಿಗದಿಮಾಡಿದ ಬೆಲೆಯೇ ಡೀಫಾಲ್ಟ್. ಕೊಡ್ಲಿಪೇಟೆಯ ಬಜಾರಿನ ಹೋಟೆಲಿನಲ್ಲಿ ಕುಳಿತು ‘ಒಂದು ಕಾಫಿ’ ಎಂದವನಿಗೆ ಹಾಲು ಸಕ್ಕರೆ ಬೆರೆತ ಬಿಸಿ ಕಾಫಿಯೇ ಬರುತ್ತದೆ. ಹಾಲು ಬೇಕೆಂದು ಅವನು ಹೇಳಲಿಲ್ಲ, ಸಕ್ಕರೆ ಎಷ್ಟೆಂದೂ ಹೇಳಲಿಲ್ಲ. ಹೇಳದೆ ಬಿಟ್ಟ ಎರಡು ಮಾತುಗಳನ್ನು ಹೋಟೆಲಿನ ವಾಡಿಕೆ ತುಂಬಿಕೊಟ್ಟಿತು. ಸಕ್ಕರೆ ಕಾಯಿಲೆಯುಳ್ಳವನು ಮಾತ್ರ ‘ಸಕ್ಕರೆ ಬೇಡ’ ಎಂದು ಬಾಯಿಬಿಟ್ಟು ಹೇಳಬೇಕು. ಎಲ್ಲರಿಗೂ ಸಲ್ಲುವ ವಾಡಿಕೆಯಿಂದ ಬಹುಜನರ ಶ್ರಮ ಉಳಿಯಿತು. ಆದರೆ ವಾಡಿಕೆಗೆ ಹೊರತಾದವನ ಮೇಲೆ ಹೇಳುವ ಹೊರೆ ಬಿತ್ತು. ಡೀಫಾಲ್ಟಿನ ಸ್ವಭಾವವೆಲ್ಲ ಈ ಒಂದು ಲೋಟ ಕಾಫಿಯಲ್ಲಿ ಅಡಗಿದೆ.

‘ಡೀಫಾಲ್ಟ್’ ಎಂಬ ಪದದ ಮೂಲಾರ್ಥವೂ ಗಮನಾರ್ಹವಾದುದು. ಹಳ್ಳಿಗಾಡಿನಲ್ಲಿ ಈ ಮಾತು ಗಣಕದಿಂದ ಬಂದುದಲ್ಲ, ಸಹಕಾರ ಸಂಘದಿಂದ ಬಂದುದು. ಸಾಲದ ಕಂತನ್ನು ಕಟ್ಟದೆ ಉಳಿದವನು ಡೀಫಾಲ್ಟರ್, ಅಂದರೆ ಸುಸ್ತಿದಾರ. ನ್ಯಾಯಾಲಯಕ್ಕೆ ಹಾಜರಾಗದವನ ವಿರುದ್ಧ ಅವನ ಗೈರುಹಾಜರಿಯಲ್ಲಿಯೇ ತೀರ್ಪು ಬರುವುದೂ ಇದೇ ಪದದ ವ್ಯಾಪ್ತಿಗೆ ಸೇರಿದೆ. ಮಾಡಬೇಕಾದುದನ್ನು ಮಾಡದಿರುವಿಕೆ ಎಂಬುದೇ ಆ ಪದದ ಹುರುಳು. ಗಣಕದಲ್ಲಿಯೂ ಹಾಗೆಯೇ: ಹೇಳಬೇಕಾದವನು ಹೇಳಲಿಲ್ಲ, ಆದುದರಿಂದ ಅವನ ಪರವಾಗಿ ಬೇರೊಬ್ಬರು ನಿರ್ಣಯಿಸಿದರು.

ಮಾನವನ ಭಾಷೆಗೆ ಈ ಏರ್ಪಾಟು ಹೊಸದಲ್ಲ. ಕನ್ನಡದಲ್ಲಿ ‘ಬಾ’, ‘ಹೋಗು’, ‘ಓದು’ ಎಂಬ ಧಾತುಗಳನ್ನು ಪ್ರತ್ಯಯವಿಲ್ಲದೆ ನುಡಿದರೆ ಅದು ಕಿರಿಯರನ್ನೋ ಸಲಿಗೆಯವರನ್ನೋ ಕುರಿತ ಮಾತಾಗುತ್ತದೆ; ಗೌರವ ಬೇಕಾದರೆ ‘ಬನ್ನಿರಿ’, ‘ಓದಿರಿ’ ಎಂದು ಪ್ರತ್ಯಯವನ್ನು ಕೂಡಿಸಲೇಬೇಕು. ‘ಹುಡುಗ ಪಾಠ ಓದಿದ’ ಎಂಬಲ್ಲಿ ವಿಭಕ್ತಿ ಪ್ರತ್ಯಯಗಳು ಲೋಪವಾಗಿದ್ದರೂ ಓದಿದವನಾರು, ಓದಲ್ಪಟ್ಟುದೇನು ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಲಿಪಿಯಲ್ಲಿಯೂ ಇದೇ ಕ್ರಮ. ವ್ಯಾಕರಣ ‘ಕ್’ ಎಂಬುದನ್ನು ಮೂಲ ವ್ಯಂಜನವೆಂದು ಕಲಿಸಿ, ಅದಕ್ಕೆ ‘ಅ’ ಸೇರಿದಾಗ ‘ಕ’ ಆಗುತ್ತದೆಂದು ಹೇಳುತ್ತದೆ. ಆದರೆ ಗಣಕದ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ‘ಕ’ ಎಂಬುದೇ ಒಂದು ಇಡಿಯ ಸಂಕೇತ. ಸ್ವರಚಿಹ್ನೆ ಇಲ್ಲದಿದ್ದರೆ ‘ಅ’ ಇದೆಯೆಂದೇ ಅರ್ಥ. ಆ ‘ಅ’ ಬೇಡವೆನ್ನಲು ಪ್ರತ್ಯೇಕ ಚಿಹ್ನೆಯೊಂದನ್ನು ಮುಂದೆ ಇಡಬೇಕು. ಆದುದರಿಂದ ಹೇಳದೆ ಬಿಟ್ಟದ್ದಕ್ಕೆ ಅರ್ಥವಿರುವುದು ಭಾಷೆಯ ದೋಷವಲ್ಲ, ಅದರ ಮಿತವ್ಯಯ. ಒಂದು ಊರಿನ, ಒಂದು ನುಡಿಯ ಜನ ಆ ವಾಡಿಕೆಯನ್ನು ಸಮಾನವಾಗಿ ಬಲ್ಲರು ಎಂಬುದೇ ಅದಕ್ಕೆ ಆಧಾರ. ಈ ಆಧಾರ ತಪ್ಪಿದಲ್ಲಿ ತೊಡಕು ಪ್ರಾರಂಭವಾಗುತ್ತದೆ.

ಕ್ರಮವಿಧಿಯ ಭಾಷೆಗಳನ್ನು ರೂಪಿಸಿದ ಪಂಡಿತರಲ್ಲಿಯೂ ಈ ಬಗ್ಗೆ ಒಮ್ಮತವಿಲ್ಲ. 1983ರಲ್ಲಿ ಮಾನಕವಾದ ಅಡಾ ಭಾಷೆಯಲ್ಲಿ ಡೀಫಾಲ್ಟ್ ಬೆಲೆಗೆ ಅವಕಾಶವಿತ್ತು. ವಿವರಗಳನ್ನು ಹೆಸರು ಹಿಡಿದು ಕೊಡುವ ಸೌಕರ್ಯವೂ ಜೊತೆಗಿತ್ತು. ಸಿ ಭಾಷೆಯಲ್ಲಿ ಇಲ್ಲದ ಈ ಸೌಲಭ್ಯವನ್ನು ಅದರಿಂದ ಬೆಳೆದ ಸಿ ಪ್ಲಸ್ ಪ್ಲಸ್ ಅಳವಡಿಸಿಕೊಂಡಿತು. 1995ರಲ್ಲಿ ಬಂದ ಜಾವಾ ಅದನ್ನು ಕೈಬಿಟ್ಟಿತು. ಸಿ ಶಾರ್ಪ್ ಭಾಷೆ ಬಹುಕಾಲ ದೂರವಿರಿಸಿ 2010ರಲ್ಲಿ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಸೇರಿಸಿಕೊಂಡಿತು. ಜಾವಾಸ್ಕ್ರಿಪ್ಟಿಗೆ 2015ರಲ್ಲಿ ಬಂದಿತು. 2009ರಲ್ಲಿ ಪ್ರಕಟವಾದ ಗೋ ಭಾಷೆಯ ನಿರ್ಮಾಪಕರು ಬುದ್ಧಿಪೂರ್ವಕವಾಗಿಯೇ ಅದನ್ನು ಹೊರಗಿಟ್ಟರು. ಸರಿಯಾಗಿ ಯೋಚಿಸದೆ ಕಟ್ಟಿದ ಫಂಕ್ಷನ್ನಿಗೆ ಒಂದರ ಮೇಲೊಂದು ಐಚ್ಛಿಕ ಪ್ಯಾರಾಮೀಟರನ್ನು ತೇಪೆಯಂತೆ ಹಚ್ಚುತ್ತ ಹೋಗುವುದು ಇದರಿಂದ ತೀರ ಸುಲಭವಾಗುತ್ತದೆಂಬುದು ಅವರ ಆಕ್ಷೇಪ. ನುರಿತವರಲ್ಲಿಯೇ ಇಷ್ಟು ಭಿನ್ನಾಭಿಪ್ರಾಯವಿರುವ ವಿಷಯವನ್ನು ಕೇವಲ ಸೌಕರ್ಯವೆಂದು ತಿಳಿದು ಮುಂದುವರಿಯುವುದು ಸಲ್ಲದು.

ಈ ವಿಷಯದಲ್ಲಿ ಕರ್ನಾಟಕದ ಶಾಲೆಗಳಿಗೆ ಗಣಕಕ್ಕಿಂತಲೂ ಹಳೆಯ ಅನುಭವವೊಂದಿದೆ. ಹಿಂದಿನ ತಲೆಮಾರಿನ ಅನೇಕ ಹಿರಿಯರ ಅಂಕಪಟ್ಟಿಗಳನ್ನು ತೆರೆದು ನೋಡಿದರೆ ಜನ್ಮದಿನಾಂಕ ಜೂನ್ 1 ಎಂದು ಕಾಣುತ್ತದೆ. ಹಳ್ಳಿಯ ಅಷ್ಟೊಂದು ಮಕ್ಕಳು ಒಂದೇ ದಿನ ಹುಟ್ಟಿದರೆಂದಲ್ಲ. ಜನನ ನೋಂದಣಿಯ ಪದ್ಧತಿ ಬೇರೂರುವ ಮೊದಲು, ಮಗುವನ್ನು ಶಾಲೆಗೆ ತಂದು ಬಿಟ್ಟ ತಂದೆತಾಯಿಗಳು ‘ದೊಡ್ಡ ಮಳೆ ಬಂದ ವರ್ಷ’, ‘ನಾಟಿ ಮುಗಿದ ಮೇಲೆ’ ಎಂಬಂತಹ ನೆನಪುಗಳನ್ನಷ್ಟೇ ಹೇಳಬಲ್ಲವರಾಗಿದ್ದರು. ದಾಖಲಾತಿ ಪುಸ್ತಕದ ಅಂಕಣವಾದರೋ ದಿನ, ತಿಂಗಳು, ವರ್ಷ ಮೂರನ್ನೂ ಕೇಳುತ್ತಿತ್ತು. ಶಾಲೆ ತೆರೆಯುವುದು ಜೂನ್ ತಿಂಗಳ ಆದಿಯಲ್ಲಿ; ಆ ದಿನಕ್ಕೆ ಮಗುವಿಗೆ ಸೇರಲು ಬೇಕಾದ ವಯಸ್ಸು ಆಗಿರಬೇಕು. ಆದುದರಿಂದ ಉಪಾಧ್ಯಾಯರು ಲೆಕ್ಕಹಾಕಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅವರ ಉದ್ದೇಶ ಶುದ್ಧವಾದುದು. ದಿನಾಂಕ ಗೊತ್ತಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸಿದ್ದರೆ ಅದರ ವಿದ್ಯೆಯೇ ನಿಂತುಹೋಗುತ್ತಿತ್ತು.

ಆದರೆ ಬರೆದ ದಿನಾಂಕ ಅಲ್ಲಿಗೆ ನಿಲ್ಲಲಿಲ್ಲ. ದಾಖಲಾತಿ ಪುಸ್ತಕದಿಂದ ವರ್ಗಾವಣೆ ಪತ್ರಕ್ಕೆ, ಅಲ್ಲಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ, ಅಲ್ಲಿಂದ ಸೇವಾ ಪುಸ್ತಕಕ್ಕೆ ಅದು ಪ್ರಯಾಣ ಮಾಡಿತು. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬ ನಿಯಮದಂತೆ, ಜೂನ್ 1ರವನು ಮೇ 31ರಂದು ಮನೆಗೆ ನಡೆಯಬೇಕಾಯಿತು. ಹುಟ್ಟಿದ್ದು ನಿಜವಾಗಿ ಕಾರ್ತಿಕದಲ್ಲಿ ಆಗಿದ್ದರೆ ಕೆಲವು ತಿಂಗಳ ಸಂಬಳ ಹೋಯಿತೆಂದೇ ಅರ್ಥ. ಇಲ್ಲಿ ದೋಷ ಜೂನ್ 1 ಎಂದು ಬರೆದುದರಲ್ಲಿಲ್ಲ. ‘ತಿಳಿಯದು, ಅಂದಾಜು’ ಎಂಬ ಗುರುತನ್ನು ಅದರ ಪಕ್ಕದಲ್ಲಿ ಬರೆಯದುದರಲ್ಲಿದೆ. ಒಮ್ಮೆ ಅಂಕಣ ತುಂಬಿದ ಮೇಲೆ, ತಿಳಿದು ಬರೆದ ಜೂನ್ 1ಕ್ಕೂ ತಿಳಿಯದೆ ಬರೆದ ಜೂನ್ 1ಕ್ಕೂ ಭೇದವೇ ಉಳಿಯಲಿಲ್ಲ. ಡೀಫಾಲ್ಟ್ ಬೆಲೆಯ ಅತ್ಯಂತ ದೊಡ್ಡ ಅಪಾಯ ಇದೇ: ಅದು ಅಜ್ಞಾನಕ್ಕೆ ಜ್ಞಾನದ ವೇಷ ತೊಡಿಸುತ್ತದೆ.

ಗಣಕದಲ್ಲಿ ಇದೇ ಅಪಾಯ ಇನ್ನೂ ಸೂಕ್ಷ್ಮ ರೂಪಗಳಲ್ಲಿ ತಲೆದೋರುತ್ತದೆ. ವಿದ್ಯಾರ್ಥಿಗಳಿಗೆ ಇಂದು ಹೆಚ್ಚಾಗಿ ಕಲಿಸುವ ಪೈಥಾನ್ ಭಾಷೆಯಲ್ಲಿ ಹಾಜರಿಪಟ್ಟಿ ತಯಾರಿಸುವ ಫಂಕ್ಷನ್ ಒಂದನ್ನು ಬರೆದರೆಂದು ಭಾವಿಸೋಣವಾಗಲಿ. ಅದಕ್ಕೆ ವಿದ್ಯಾರ್ಥಿಯ ಹೆಸರನ್ನೂ, ಸೇರಿಸಬೇಕಾದ ಪಟ್ಟಿಯನ್ನೂ ಕೊಡಬೇಕು; ಪಟ್ಟಿಯನ್ನು ಕೊಡದಿದ್ದರೆ ಖಾಲಿ ಪಟ್ಟಿಯೆಂದು ತಿಳಿಯತಕ್ಕದ್ದು. ಪ್ರತಿ ಸಲವೂ ಹೊಸ ಖಾಲಿ ಪಟ್ಟಿ ಸಿಗುತ್ತದೆಂದು ಬರೆದವನ ನಿರೀಕ್ಷೆ. ಆದರೆ ಪೈಥಾನ್ ಆ ಖಾಲಿ ಪಟ್ಟಿಯನ್ನು ನಿರ್ಮಿಸುವುದು ಫಂಕ್ಷನ್ನಿನ ವ್ಯಾಖ್ಯೆಯನ್ನು ಓದಿದಾಗ, ಒಂದೇ ಒಂದು ಸಲ. ಎಂಟನೆಯ ತರಗತಿಯ ಹೆಸರುಗಳನ್ನು ಸೇರಿಸಿ, ಅನಂತರ ಒಂಬತ್ತನೆಯ ತರಗತಿಗೆ ತೊಡಗಿದರೆ, ಎಂಟನೆಯವರೆಲ್ಲ ಮೊದಲೇ ಅಲ್ಲಿ ಕುಳಿತಿರುತ್ತಾರೆ! ಡೀಫಾಲ್ಟನ್ನು ‘ಏನೂ ಇಲ್ಲ’ ಎಂದಿಟ್ಟು, ಫಂಕ್ಷನ್ನಿನ ಒಳಗೆ ಪ್ರತಿ ಸಲವೂ ಹೊಸ ಪಟ್ಟಿಯನ್ನು ರಚಿಸುವುದೇ ಇದಕ್ಕೆ ಪರಿಹಾರ.

ಸಿ ಶಾರ್ಪಿನಲ್ಲಿ ತೊಡಕು ಬೇರೊಂದು ಬಗೆಯದು. ಅಲ್ಲಿ ಡೀಫಾಲ್ಟ್ ಬೆಲೆ, ಕರೆಯುವವನ ಕ್ರಮವಿಧಿ ಸಿದ್ಧವಾಗುವಾಗಲೇ ಅದರೊಳಗೆ ನಕಲಾಗಿ ಸೇರಿಹೋಗುತ್ತದೆ. ಗ್ರಂಥಾಲಯದ ಪುಸ್ತಕ ತಡವಾದರೆ ದಿನಕ್ಕೆ ಒಂದು ರೂಪಾಯಿ ದಂಡವೆಂದು ಮೂಲದಲ್ಲಿದ್ದುದನ್ನು ಎರಡು ರೂಪಾಯಿಗೆ ತಿದ್ದಿದರೂ, ಮೊದಲೇ ಸಿದ್ಧವಾಗಿರುವ ಹಳೆಯ ಕ್ರಮವಿಧಿಯನ್ನು ಮತ್ತೆ ರೂಪಿಸುವವರೆಗೆ ಅದು ಒಂದೇ ರೂಪಾಯಿಯನ್ನು ವಸೂಲುಮಾಡುತ್ತಿರುತ್ತದೆ. ಆಜ್ಞೆ ಬದಲಾಗಿದೆ, ಹಳೆಯ ಸುತ್ತೋಲೆ ಮಾತ್ರ ಕಚೇರಿಯ ಗೋಡೆಯ ಮೇಲೆ ಉಳಿದಿದೆ ಎನ್ನುವಂತೆ. ಆದುದರಿಂದ ಡೀಫಾಲ್ಟ್ ಏನು ಎಂಬುದರಷ್ಟೇ, ಅದು ಯಾವಾಗ ಮತ್ತು ಎಲ್ಲಿ ನಿರ್ಣಯವಾಗುತ್ತದೆ ಎಂಬುದೂ ಮುಖ್ಯ.

ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಉದಾಹರಣೆಯೊಂದನ್ನು ವಿಸ್ತಾರವಾಗಿ ಪರಿಶೀಲಿಸುವುದು ಉಚಿತ. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಯುಟಿಎಫ್-8 ಎಂಬ ಕ್ರಮದಲ್ಲಿ ಕಡತಕ್ಕೆ ಬರೆದಾಗ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟುಗಳನ್ನು ಆಕ್ರಮಿಸುತ್ತದೆ. ಪೈಥಾನಿನಲ್ಲಿ ಕಡತವನ್ನು ತೆರೆಯುವ ಫಂಕ್ಷನ್ನಿಗೆ ‘ಇದು ಯಾವ ಕ್ರಮದಲ್ಲಿ ಬರೆದುದು?’ ಎಂಬ ಪ್ಯಾರಾಮೀಟರ್ ಇದೆ, ಅದು ಐಚ್ಛಿಕ. ಹೇಳದಿದ್ದರೆ, ಆ ಗಣಕದಲ್ಲಿ ಯಾವ ವಾಡಿಕೆಯಿದೆಯೋ ಅದನ್ನು ಅನುಸರಿಸುವುದು ಬಹುಕಾಲದ ಪದ್ಧತಿ. ಲಿನಕ್ಸ್ ಗಣಕಗಳಲ್ಲಿ ಆ ವಾಡಿಕೆ ಸಾಮಾನ್ಯವಾಗಿ ಯುಟಿಎಫ್-8. ವಿಂಡೋಸ್ ಗಣಕಗಳಲ್ಲಿ ಅದು ಬಹುಮಟ್ಟಿಗೆ ಪಶ್ಚಿಮ ಯೂರೋಪಿನ ಲಿಪಿಗಳಿಗಾಗಿ ಮಾಡಿದ 1252ನೆಯ ಸಂಕೇತಪಟ್ಟಿ.

ಇನ್ನು ಊರುಗಳ ಹೆಸರುಳ್ಳ ಒಂದು ಕಡತವನ್ನು ಅಂತಹ ವಿಂಡೋಸ್ ಗಣಕದಲ್ಲಿ, ಕ್ರಮವನ್ನು ಹೇಳದೆ, ತೆರೆದರೆ ಏನಾಗುತ್ತದೆ? ‘ಮಡಿಕೇರಿ’ ಎಂಬ ಹೆಸರಿನ ಏಳು ಸಂಕೇತಗಳ ಇಪ್ಪತ್ತೊಂದು ಬೈಟುಗಳಿಗೂ ಆ ಪಟ್ಟಿಯಲ್ಲಿ ಒಂದೊಂದು ಅಕ್ಷರವೋ ಚಿಹ್ನೆಯೋ ಸಿಗುತ್ತದೆ. ‘ಕ’ ಎಂಬ ಒಂದೇ ಅಕ್ಷರ ತಲೆಯ ಮೇಲೆ ಗೀಟುಳ್ಳ ರೋಮನ್ ಅಕ್ಷರ, ಮೇಲಕ್ಕೆ ಏರಿಸಿದ ಪುಟ್ಟ ಎರಡು, ಒಂದು ದಪ್ಪ ಚುಕ್ಕೆ ಎಂಬ ಮೂರು ತುಂಡಾಗುತ್ತದೆ. ಗಣಕ ಯಾವ ದೂರನ್ನೂ ಹೇಳುವುದಿಲ್ಲ. ಮಡಿಕೇರಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಮುಂದಕ್ಕೆ ಹೋಗುತ್ತದೆ. ಸೋಮವಾರಪೇಟೆ, ವಿರಾಜಪೇಟೆ, ಶನಿವಾರಸಂತೆಗಳ ಗತಿಯೂ ಅದೇ. ಆದರೆ ‘ಕೊಡ್ಲಿಪೇಟೆ’ ಬಂದೊಡನೆ ಕ್ರಮವಿಧಿ ಥಟ್ಟನೆ ನಿಂತುಬಿಡುತ್ತದೆ. ‘ಡ್’ ಎಂಬಲ್ಲಿ ‘ಅ’ಕಾರವನ್ನು ತೆಗೆದುಹಾಕುವ ಚಿಹ್ನೆಯ ಮೂರನೆಯ ಬೈಟಿಗೆ ಆ ಪಟ್ಟಿಯಲ್ಲಿ ಯಾವ ಅಕ್ಷರವನ್ನೂ ನಿಗದಿಮಾಡಿಲ್ಲ. ‘ಉ’ಕಾರದ ಕೊಂಬಿಗೂ ಇದೇ ಅಡ್ಡಿಯಿರುವುದರಿಂದ ‘ಕುಶಾಲನಗರ’ವೂ ದಾಟುವುದಿಲ್ಲ.

ಮೇಲುನೋಟಕ್ಕೆ ಮಡಿಕೇರಿ ಪಾರಾಯಿತು, ಕೊಡ್ಲಿಪೇಟೆ ಸಿಕ್ಕಿಬಿದ್ದಿತು ಎನ್ನಿಸಬಹುದು. ವಿಚಾರಿಸಿದರೆ ಅದೃಷ್ಟಶಾಲಿ ಕೊಡ್ಲಿಪೇಟೆಯೇ. ಅಲ್ಲಿ ತಪ್ಪು ಕೂಗಿ ಹೇಳಿತು, ಅದನ್ನು ತಿದ್ದಬಹುದು. ಮಡಿಕೇರಿಯ ತಪ್ಪು ಮೌನವಾಗಿ ದಾಖಲೆಯೊಳಗೆ ಸೇರಿತು. ತಿಂಗಳುಗಳ ಅನಂತರ ಯಾರೋ ಪತ್ರವನ್ನು ಮುದ್ರಿಸಿದಾಗಲೇ ಬಯಲಾಗುವುದು. ಪೈಥಾನಿನ ನಿರ್ವಾಹಕರೂ ಈ ಹಾನಿಯನ್ನು ಮನಗಂಡರು. 2021ರ 3.10ನೆಯ ಆವೃತ್ತಿಯಲ್ಲಿ, ಕ್ರಮವನ್ನು ಹೇಳದೆ ಕಡತ ತೆರೆದವರಿಗೆ, ಅವರು ಬಯಸಿದರೆ, ಎಚ್ಚರಿಕೆ ಕೊಡುವ ಏರ್ಪಾಟು ಬಂದಿತು. 3.15ನೆಯ ಆವೃತ್ತಿಯಿಂದ ಯುಟಿಎಫ್-8 ಕ್ರಮವನ್ನೇ ಡೀಫಾಲ್ಟ್ ಮಾಡತಕ್ಕದ್ದೆಂದು 2022ರಲ್ಲಿ ನಿರ್ಣಯವಾಯಿತು. ಜಾವಾ ಕೂಡ ಅದೇ 2022ರಲ್ಲಿ ತನ್ನ 18ನೆಯ ಆವೃತ್ತಿಯಲ್ಲಿ ಇದೇ ಹಾದಿಯನ್ನು ಹಿಡಿಯಿತು. ದಶಕಗಳ ಕಾಲ ಪಶ್ಚಿಮ ಯೂರೋಪಿನ ಅಕ್ಷರಗಳು ಏನನ್ನೂ ಹೇಳದೆ ಸಾಗುತ್ತಿದ್ದವು. ಕನ್ನಡ ಮಾತ್ರ ಪ್ರತಿ ಸಲವೂ ‘ನಾನು ಕನ್ನಡ’ ಎಂದು ಹೇಳಿಕೊಳ್ಳಬೇಕಾಗಿತ್ತು. ಡೀಫಾಲ್ಟನ್ನು ನಿರ್ಣಯಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಊರು ಇಡೀ ಪ್ರಪಂಚದ ಊರಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದಕ್ಕೆ ಪ್ರತಿವಾದವೂ ಇದೆ, ಅದನ್ನು ಅಲಕ್ಷಿಸಲಾಗದು. ಪ್ರತಿಯೊಂದನ್ನೂ ಕಡ್ಡಾಯವಾಗಿ ಹೇಳಲೇಬೇಕೆಂದರೆ, ಹೊಸದಾಗಿ ಕಲಿಯುವವನು ಮೊದಲ ದಿನವೇ ಹತ್ತು ಪ್ರಶ್ನೆಗಳಿಗೆ ಉತ್ತರಿಸಬೇಕಾಗಿ ಬಂದು ಪುಸ್ತಕವನ್ನು ಮುಚ್ಚಿಡುತ್ತಾನೆ. ಅದಲ್ಲದೆ, ಅರ್ಥವಾಗದ ಪ್ರಶ್ನೆಗೆ ಜನ ಬಾಯಿಗೆ ಬಂದ ಉತ್ತರವನ್ನು ಬರೆಯುತ್ತಾರೆ. ಪಕ್ಕದವನ ಅರ್ಜಿಯನ್ನು ನೋಡಿ ನಕಲುಮಾಡುತ್ತಾರೆ. ತಿಳಿದವನೊಬ್ಬನು ವಿವೇಚಿಸಿ ಇಟ್ಟ ಡೀಫಾಲ್ಟ್ ಅಂತಹ ಉತ್ತರಕ್ಕಿಂತ ಮೇಲಲ್ಲವೇ? ಹಳೆಯ ಫಂಕ್ಷನ್ನಿಗೆ ಹೊಸ ಸೌಲಭ್ಯವನ್ನು ಸೇರಿಸುವಾಗ, ಅದನ್ನು ಈಗಾಗಲೇ ಬಳಸುತ್ತಿರುವ ಸಾವಿರಾರು ಕ್ರಮವಿಧಿಗಳು ಮುರಿಯದಂತೆ ಕಾಪಾಡುವುದೂ ಡೀಫಾಲ್ಟೇ. ಈ ವಾದದಲ್ಲಿ ಸತ್ಯಾಂಶವಿದೆ. ಆದುದರಿಂದ ಡೀಫಾಲ್ಟನ್ನು ತೊರೆಯಬೇಕೆಂಬುದು ಪರಿಹಾರವಲ್ಲ; ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬ ವಿವೇಕವೇ ಪರಿಹಾರ.

ಆ ವಿವೇಕಕ್ಕೆ ಮೂರು ಒರೆಗಲ್ಲುಗಳನ್ನು ಸೂಚಿಸಬಹುದು. ಬಹುಪಾಲು ಬಳಕೆದಾರರಿಗೆ ನಿಜವಾಗಿ ಒಂದೇ ಉತ್ತರ ಸಲ್ಲುತ್ತದೆಯೇ ಎಂಬುದು ಮೊದಲನೆಯದು. ಸಲ್ಲದ ಕಡೆ ಆಗುವ ಹಾನಿ ಅಲ್ಪವೇ, ತಿದ್ದಬಹುದಾದುದೇ ಎಂಬುದು ಎರಡನೆಯದು. ತಪ್ಪಾದಾಗ ಅದು ಕಣ್ಣಿಗೆ ಬೀಳುತ್ತದೆಯೇ ಎಂಬುದು ಮೂರನೆಯದು. ಮೂರಕ್ಕೂ ಹೌದೆಂಬ ಉತ್ತರವಿದ್ದರೆ ಡೀಫಾಲ್ಟ್ ಇರಲಿ. ಒಂದಕ್ಕೆ ಅಲ್ಲವೆಂದರೂ ಪ್ರಶ್ನೆಯನ್ನು ಕಡ್ಡಾಯಮಾಡುವುದು ಲೇಸು. ಪೈಥಾನಿನವರು ವಿಪುಲವಾಗಿ ಬಳಸುವ ಪೈಯಾಮಲ್ ಎಂಬ ಸಾಧನದ ಚರಿತ್ರೆ ಇದಕ್ಕೆ ನಿದರ್ಶನ. ಕಡತವನ್ನು ಎಷ್ಟರ ಮಟ್ಟಿಗೆ ನಂಬಿ ಓದಬೇಕೆಂಬ ಪ್ಯಾರಾಮೀಟರ್ ಅದರಲ್ಲಿ ಐಚ್ಛಿಕವಾಗಿತ್ತು. ಹೇಳದಿದ್ದರೆ ಪೂರ್ಣ ನಂಬಿಕೆ. ಪರಿಣಾಮವಾಗಿ, ದುರುದ್ದೇಶದಿಂದ ಬರೆದ ಕಡತವೊಂದು ಓದುವವನ ಗಣಕದಲ್ಲಿ ತನಗೆ ಬೇಕಾದ ಆಜ್ಞೆಗಳನ್ನು ನಡೆಸಲು ಸಾಧ್ಯವಿತ್ತು. 2019ರಲ್ಲಿ ಎಚ್ಚರಿಕೆ ನೀಡಿ, 2021ರ 6.0 ಆವೃತ್ತಿಯಲ್ಲಿ ಆ ಡೀಫಾಲ್ಟನ್ನೇ ತೆಗೆದುಹಾಕಿ ಪ್ಯಾರಾಮೀಟರನ್ನು ಕಡ್ಡಾಯಗೊಳಿಸಿದರು. ಹಳೆಯ ಕ್ರಮವಿಧಿಗಳು ನಿಂತವು, ಗೊಣಗಾಟವೂ ಸಹಜವೇ. ಆದರೆ ಪ್ರತಿಯೊಬ್ಬನೂ ತಾನು ಯಾವುದನ್ನು ನಂಬುತ್ತಿದ್ದೇನೆಂದು ಒಮ್ಮೆ ಯೋಚಿಸಬೇಕಾಯಿತು.

ಈ ಒರೆಗಲ್ಲುಗಳನ್ನು ಕೊಡ್ಲಿಪೇಟೆಯಂತಹ ಊರಿನ ಶಾಲೆಯೊಂದರ ದಾಖಲಾತಿ ಕ್ರಮವಿಧಿಗೆ ಅನ್ವಯಿಸಿ ನೋಡಬಹುದು. ರಾಜ್ಯ ಯಾವುದೆಂಬ ಅಂಕಣದಲ್ಲಿ ‘ಕರ್ನಾಟಕ’ ಎಂದು ಮೊದಲೇ ತುಂಬಿದ್ದರೆ ಬಾಧಕವಿಲ್ಲ. ತಾಲ್ಲೂಕು ‘ಸೋಮವಾರಪೇಟೆ’ ಎಂದಿಡುವುದು ಅಷ್ಟು ಕ್ಷೇಮವಲ್ಲ. ಊರು ಕೊಡಗಿನ ಉತ್ತರದ ಅಂಚಿನಲ್ಲಿದೆ, ಹಾಸನ ಜಿಲ್ಲೆಯ ಗಡಿ ಹತ್ತಿರದಲ್ಲಿಯೇ ಇದೆ. ಗಡಿಯಾಚೆಯ ಹಳ್ಳಿಯ ಮಗು ಯಾರಿಗೂ ತಿಳಿಯದಂತೆ ಕೊಡಗಿನದಾಗಿಬಿಡಬಹುದು. ಜನ್ಮದಿನಾಂಕಕ್ಕೆ ಡೀಫಾಲ್ಟ್ ಕೂಡಲೇ ಕೂಡದೆಂಬುದಕ್ಕೆ ಜೂನ್ 1ರ ಪಾಠ ಸಾಕು.

ಮಾತೃಭಾಷೆಯ ಅಂಕಣವಂತೂ ಎಲ್ಲಕ್ಕಿಂತ ನಾಜೂಕಿನದು. ಕೊಡಗು ಪುಟ್ಟ ಜಿಲ್ಲೆಯಾದರೂ ಅಲ್ಲಿ ಕನ್ನಡದೊಡನೆ ಕೊಡವ, ಅರೆಭಾಷೆ, ತುಳು, ಮಲಯಾಳಂ, ಉರ್ದು, ಎರವ ಮೊದಲಾದ ನುಡಿಗಳಿವೆ. ಪಾಠ ನಡೆಯುವುದು ಕನ್ನಡದಲ್ಲಿ ಎಂಬ ಕಾರಣದಿಂದ ಮಾತೃಭಾಷೆಯ ಅಂಕಣದಲ್ಲಿಯೂ ‘ಕನ್ನಡ’ ಎಂದು ಮೊದಲೇ ಅಚ್ಚಾಗಿದ್ದರೆ, ಕೆಲಸದ ಒತ್ತಡದಲ್ಲಿರುವ ಗುಮಾಸ್ತನು ಅದನ್ನು ಬದಲಿಸುವುದಿಲ್ಲ. ಸಂಕೋಚದ ಸ್ವಭಾವದ ತಾಯಿ ತಿದ್ದಿರೆಂದು ಹೇಳುವುದೂ ಇಲ್ಲ. ಕೊಡವ ನುಡಿಯನ್ನು ಮಾತೃಭಾಷೆಯೆಂದು ಹೇಳಿದವರ ಸಂಖ್ಯೆ 2001ರ ಜನಗಣತಿಯಲ್ಲಿ 1,66,187 ಇದ್ದುದು 2011ರಲ್ಲಿ 1,13,857ಕ್ಕೆ ಇಳಿಯಿತು. ಈ ಇಳಿಕೆಯನ್ನು ಗಣಕದ ತಲೆಗೆ ಕಟ್ಟುವುದು ಅನ್ಯಾಯವಾದೀತು. ಆದರೆ ಒಂದು ನುಡಿಯ ಭವಿಷ್ಯವನ್ನು ಅಂಕೆಸಂಖ್ಯೆಗಳಿಂದ ಅಳೆಯುವ ಕಾಲದಲ್ಲಿ, ಯಾರೂ ಆಡದ ಉತ್ತರವೊಂದು ಆ ಲೆಕ್ಕದೊಳಗೆ ನುಸುಳಬಾರದೆಂಬುದಂತೂ ನಿರ್ವಿವಾದ. ಯೂರೋಪಿನ ಸಂಕೇತಪಟ್ಟಿಯಿಂದ ಕನ್ನಡಕ್ಕಾದ ಅನ್ಯಾಯವನ್ನು ಎತ್ತಿ ತೋರಿಸುವ ಕನ್ನಡಿಗರು, ತಮ್ಮ ಅಂಗಳದ ಕಿರಿಯ ನುಡಿಗಳಿಗೆ ಅದೇ ಅನ್ಯಾಯವನ್ನು ಮಾಡಬಾರದು. ಅಂತಹ ಅಂಕಣ ಖಾಲಿಯಾಗಿಯೇ ಇರಲಿ. ತುಂಬದ ಹೊರತು ಮುಂದುವರಿಯದಿರಲಿ. ‘ತಿಳಿಯದು’ ಎಂಬುದೂ ಒಂದು ಗೌರವದ ಉತ್ತರವಾಗಿ ಆಯ್ಕೆಗಳಲ್ಲಿ ಸೇರಿರಲಿ.

ಗಣಕವಿದ್ಯೆಯನ್ನು ಬೋಧಿಸುವ ಉಪಾಧ್ಯಾಯರು ಈ ಅಂಶವನ್ನು ವ್ಯಾಕರಣದ ಒಂದು ಸೂತ್ರದಂತೆ ಹೇಳಿ ಮುಗಿಸದೆ, ವಿಚಾರದ ಒಂದು ಶಿಸ್ತಾಗಿ ಕಲಿಸುವುದು ಶ್ರೇಯಸ್ಕರ. ಫಂಕ್ಷನ್ ಬರೆಯುವ ವಿದ್ಯಾರ್ಥಿಗೆ ‘ಇದನ್ನು ಹೇಳದೆ ಬಿಡುವವನು ಯಾರು, ಅವನ ಪರವಾಗಿ ನೀನು ಹೇಳುತ್ತಿರುವ ಉತ್ತರ ಅವನಿಗೆ ಒಪ್ಪಿಗೆಯೇ?’ ಎಂದು ಕೇಳಬೇಕು. ಅನ್ಯರು ಬರೆದ ಫಂಕ್ಷನ್ನನ್ನು ಬಳಸುವವನಿಗೆ ‘ನೀನು ಹೇಳದೆ ಬಿಟ್ಟದ್ದೇನು, ಅಲ್ಲಿ ಈಗ ಯಾರ ಉತ್ತರ ಕುಳಿತಿದೆ?’ ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳು ರೂಢಿಯಾದ ಮಗು ಮುಂದೆ ಅರ್ಜಿಗೆ ರುಜು ಹಾಕುವಾಗಲೂ, ಕರಾರುಪತ್ರವನ್ನು ಓದುವಾಗಲೂ, ದೂರವಾಣಿಯ ಪರದೆಯ ಮೇಲೆ ‘ಒಪ್ಪಿಗೆ’ ಎಂಬುದನ್ನು ಒತ್ತುವಾಗಲೂ ಒಂದು ಕ್ಷಣ ತಡೆದು ನೋಡುತ್ತದೆ. ಬಿಟ್ಟ ಸ್ಥಳಗಳನ್ನು ಸೂಕ್ತ ಪದಗಳಿಂದ ತುಂಬುವುದನ್ನು ಶಾಲೆಗಳು ಬಹುಕಾಲದಿಂದ ಕಲಿಸುತ್ತ ಬಂದಿವೆ. ಯಾವ ಸ್ಥಳವನ್ನು ಬೇರೆಯವರು ತುಂಬಬಾರದು ಎಂಬುದನ್ನೂ ಇನ್ನು ಮುಂದೆ ಕಲಿಸಬೇಕಾಗಿದೆ.